ಮೇಡ್ಲೇರಿಯವರ ಚೀಟಿ

ಬ್ಯಾಡಗಿಯಲ್ಲಿ ಅಳುವವರಿಗೆ ಒಂದು ಸೌಕರ್ಯವಿದೆ. ಜನವರಿಯಿಂದ ಏಪ್ರಿಲ್‌ವರೆಗೆ ಊರಿನ ಗಾಳಿಯಲ್ಲೇ ಮೆಣಸಿನಕಾಯಿಯ ಘಾಟು ಇರುವುದರಿಂದ ಯಾರ ಕಣ್ಣಲ್ಲಿ ನೀರು ಬಂದರೂ ಯಾರೂ ಯಾಕೆಂದು ಕೇಳುವುದಿಲ್ಲ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೊಗಳುತ್ತಾರೆ. ಹಾಗೆ ಹೊಗಳುವವರು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ವಾರ ಇದ್ದು ನೋಡಬೇಕು. ನಾವು ಹದಿನಾಲ್ಕು ವರ್ಷ ಇದ್ದೆವು. ನಾನು ಕನ್ನಡ ಶಾಲೆಯ ಶಿಕ್ಷಕಿ, ಊರವರ ಬಾಯಲ್ಲಿ ಅಕ್ಕಾರು. ನಮ್ಮ ಮನೆಯವರು ರೈಲ್ವೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಅವರದು ಮಾತು ಕಡಿಮೆ. ಆ ಕೊರತೆಯನ್ನು ನಾನು ತುಂಬಿಕೊಡುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ಮಾತಿದು. ಆಗ ನಮ್ಮ ಕ್ರೈಸ್ತ ಸಭೆ ಅಲ್ಲಿ ಇಪ್ಪತ್ತೈದು ಮನೆಯದು. ನಮ್ಮ ಪಾದ್ರಿ, ಅಂದರೆ ಅಯ್ಯನವರು, ಹಾವೇರಿಯಲ್ಲಿದ್ದರು, ತಿಂಗಳಿಗೆ ಎರಡು ಭಾನುವಾರ ಬಸ್ಸಿನಲ್ಲಿ ಬಂದು ಆರಾಧನೆ ನಡೆಸಿ ಹೋಗುತ್ತಿದ್ದರು. ಮೆಣಸಿನಕಾಯಿ ಸುಗ್ಗಿಯಲ್ಲಿ ಅವರು ಪ್ರಸಂಗ ಶುರು ಮಾಡಿದ ಹತ್ತು ನಿಮಿಷಕ್ಕೆ ಸೀನಲು ತೊಡಗುತ್ತಿದ್ದರಿಂದ ಆ ದಿನಗಳಲ್ಲಿ ನಮಗೆ ಪ್ರಸಂಗ ಚಿಕ್ಕದಾಗಿ ಸಿಗುತ್ತಿತ್ತು. ಅಯ್ಯನವರು ಇಲ್ಲದ ದಿನಗಳಲ್ಲಿ, ನಿಜ ಹೇಳಬೇಕೆಂದರೆ ಇದ್ದ ದಿನಗಳಲ್ಲೂ, ಸಭೆಯನ್ನು ನಡೆಸುತ್ತಿದ್ದವರು ಒಬ್ಬ ಮುದುಕಿ. ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಊರಿನ ಅರ್ಧ ಮಂದಿಯ ಹೆರಿಗೆ ಮಾಡಿಸಿದವಳು ತಾನು ಎಂಬ ಅಧಿಕಾರದ ಮೇಲೆ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದರು. ನಾವೆಲ್ಲ ಅವರನ್ನು ಆಯಿ ಎನ್ನುತ್ತಿದ್ದೆವು.

ಚೀಟಿಯ ಪದ್ಧತಿ ಆಯಿ ಮಾಡಿದ್ದು. ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಮನಸ್ಸಿಗೆ ಭಾರವಾದದ್ದನ್ನು ಒಂದು ಚೀಟಿಯಲ್ಲಿ ಬರೆದು, ಹೆಸರು ಹಾಕದೆ, ನಾಲ್ಕು ಮಡಿಕೆ ಮಾಡಿ, ಒಂದು ಬಿಸ್ಕೀಟಿನ ಡಬ್ಬಿಗೆ ಹಾಕಬೇಕು. ಆಯಿ ಡಬ್ಬಿಯನ್ನು ಚೆನ್ನಾಗಿ ಕುಲುಕಿ ಮತ್ತೆ ಎಲ್ಲರ ಮುಂದೆ ಹಿಡಿಯುತ್ತಿದ್ದರು. ಕೈಗೆ ಬಂದ ಚೀಟಿಯನ್ನು ಮನೆಗೆ ಒಯ್ದು ಒಂದು ತಿಂಗಳು ಅದಕ್ಕಾಗಿ ಪ್ರಾರ್ಥನೆ ಮಾಡಿ, ತಿಂಗಳ ಕೊನೆಗೆ ಒಲೆಗೆ ಹಾಕಬೇಕು. ಬದಲಿ ಕೇಳುವಂತಿಲ್ಲ, ಇನ್ನೊಬ್ಬರಿಗೆ ತೋರಿಸುವಂತಿಲ್ಲ, ಯಾರದೆಂದು ಹುಡುಕುವಂತಿಲ್ಲ.

"ನಿಂದು ನೀ ಹೊರಬ್ಯಾಡ, ಮಂದೀದು ಹೊರು," ಎನ್ನುತ್ತಿದ್ದರು ಆಯಿ. "ನಿಂದನ್ನ ಹೊರಾಕ ದೇವರು ಯಾರನ್ನರ ಇಟ್ಟಿರತಾನ."

ಒಮ್ಮೊಮ್ಮೆ ತನ್ನ ಚೀಟಿ ತನಗೇ ಬರುವುದೂ ಇತ್ತು. ಅಂಥವರನ್ನು ಆಯಿ ಮುಖ ನೋಡಿಯೇ ಹಿಡಿಯುತ್ತಿದ್ದರು. "ನೀ ಇನ್ನೂ ಅದನ್ನ ಕೈಯಿಂದ ಬಿಟ್ಟಿಲ್ಲ, ಅದಕ್ಕ ಹೊಳ್ಳಿ ಬಂದೈತಿ" ಎಂದು ನಗುತ್ತಿದ್ದರು.

ಯಾರದೆಂದು ಹುಡುಕಬಾರದು ಎಂಬ ನಿಯಮ ನನಗೆ ಮಾತ್ರ ಕಷ್ಟ. ಸಭೆಯ ಎಳೆಯರೆಲ್ಲ ಅಕ್ಷರ ಕಲಿತದ್ದು ನನ್ನ ಕೈಯಲ್ಲಿ. ಮಡಿಕೆ ಬಿಚ್ಚಿದರೆ ಸಾಕು, ಯಾರ ಅಕ್ಷರ, ಅವರು ಯಾವ ಬೆಂಚಿನಲ್ಲಿ ಕೂತು ಯಾರಿಗೆ ಹೊಡೆಯುತ್ತಿದ್ದರು ಎಲ್ಲ ನೆನಪಾಗುತ್ತಿತ್ತು. ಒಮ್ಮೆ ಒಂದು ಚೀಟಿಯನ್ನು ರೂಢಿಬಲದಿಂದ ಕೆಂಪು ಶಾಯಿಯಲ್ಲಿ ತಿದ್ದಿಬಿಟ್ಟೆ. ಆಮೇಲೆ ನಾಚಿಕೆಯಾಗಿ ದೇವರಲ್ಲಿ ಎರಡು ಕ್ಷಮೆ ಕೇಳಿಕೊಂಡೆ, ಒಂದು ಅವರ ಪಾಪಕ್ಕೆ, ಒಂದು ನನ್ನ ಪಾಪಕ್ಕೆ.

ಈಗ ಮಗುವಿನ ಮಾತು. ಆ ಮಗು ನಾನು ಹೆತ್ತದ್ದಲ್ಲ. ಇದನ್ನು ಬರೆಯಲು ಈಗ ನನಗೆ ಏನೂ ಅನಿಸುವುದಿಲ್ಲ. ಆಗ ಯಾರಾದರೂ ಈ ಮಾತು ಆಡಿದ್ದರೆ ಅವರ ಮನೆಯ ನೀರು ಮುಟ್ಟುತ್ತಿರಲಿಲ್ಲ. ನಮ್ಮ ಮನೆಯವರ ತಂಗಿಯನ್ನು ರಾಣೆಬೆನ್ನೂರಿನ ಆಚೆ, ತುಂಗಭದ್ರೆಯ ದಂಡೆಯ ಮೇಡ್ಲೇರಿಗೆ ಕೊಟ್ಟಿತ್ತು. ಹೊಲಮನೆಯ ಕುಟುಂಬ. ಹೆಣ್ಣುಮಗು ಹುಟ್ಟಿ ಏಳು ತಿಂಗಳಾಗಿದ್ದಾಗ ಅವಳು ಕಾಮಾಲೆಯಾಗಿ ತೀರಿಕೊಂಡಳು. ಅಲ್ಲಿ ಮಗುವನ್ನು ನೋಡಿಕೊಳ್ಳಲು ಕಣ್ಣು ಮಂಜಾದ ಒಬ್ಬ ಅತ್ತೆ ಬಿಟ್ಟರೆ ಯಾರೂ ಇರಲಿಲ್ಲ. ನಮಗೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಣ್ಣು ಮುಗಿಸಿ ಬರುವಾಗ ಮಗು ನನ್ನ ತೋಳಿನಲ್ಲಿತ್ತು. ನಡೆಯುವ ತನಕ ನಿಮ್ಮಲ್ಲಿರಲಿ ಎಂದು ಮಾತಾಗಿತ್ತು. ನಡೆಯಲು ಕಲಿತ ಮೇಲೆ, ಮಾತು ಬರುವ ತನಕ ಇರಲಿ ಎಂದು ನಾನೇ ಗಡುವು ಮುಂದೂಡಿದೆ. ಮಾತು ಬಂದ ಮೇಲೆ ಗಡುವಿನ ಮಾತನ್ನೇ ಎತ್ತಲಿಲ್ಲ.

ಅವಳ ಅಪ್ಪನನ್ನು ನಾವು ಮೇಡ್ಲೇರಿಯವರು ಎಂದೇ ಕರೆಯುತ್ತಿದ್ದೆವು. ಅವರ ಊರಲ್ಲಿ ಸಭೆ ಇರಲಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಎರಡು ಬಸ್ಸು ಬದಲಿಸಿ ನಮ್ಮ ಸಭೆಗೆ ಬಂದು, ಆಮೇಲೆ ನಮ್ಮ ಮನೆಯಲ್ಲಿ ಉಂಡು, ಮಗಳನ್ನು ನೋಡಿ ಹೋಗುತ್ತಿದ್ದರು. ಬರುವಾಗ ಹಸಿ ಶೇಂಗಾವೋ ಬಾಳೆಹಣ್ಣೋ ಕೈಯಲ್ಲಿ ಇದ್ದೇ ಇರುತ್ತಿತ್ತು.

ಮಗುವಿಗೆ ಮಾತು ಬಂದಾಗ ಓಣಿಯ ಮಕ್ಕಳನ್ನು ಕೇಳಿ ಕೇಳಿ ನನಗೆ ಅವ್ವ, ನಮ್ಮ ಮನೆಯವರಿಗೆ ಅಪ್ಪ ಎಂದಳು. ಅದನ್ನು ನಾನು ಕಲಿಸಲಿಲ್ಲ. ಆದರೆ ತಿದ್ದಲೂ ಇಲ್ಲ, ಇಡೀ ಊರಿನ ಮಕ್ಕಳನ್ನು ತಿದ್ದುವವಳು! ಇನ್ನೊಂದನ್ನು ಮಾತ್ರ ನಾನೇ ಕಲಿಸಿದೆ. ಒಂದು ಭಾನುವಾರ ಮೇಡ್ಲೇರಿಯವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಮಗುವನ್ನು ಎತ್ತಿಕೊಂಡು ಹೋಗಿ, "ನೋಡು, ಮಾಮಾ ಬಂದಾರ," ಎಂದೆ. ಬಾಯಿ ತಪ್ಪಿ ಬಂದದ್ದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಾಯಿ ತಪ್ಪಿರಲಿಲ್ಲ. ಮಗು "ಮಾಮಾ" ಎಂದು ನಕ್ಕಿತು. ನಮ್ಮ ಮನೆಯವರು ನನ್ನನ್ನೇ ನೋಡಿದರು. ಮೇಡ್ಲೇರಿಯವರು ಕೈಯಲ್ಲಿದ್ದ ಶೇಂಗಾದ ಗಂಟನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಅದನ್ನೇ ಸರಿಪಡಿಸುತ್ತಾ ಇದ್ದು, "ಹೌದವ್ವಾ, ಮಾಮಾ," ಎಂದರು. ಹೀಗೆ ಅಪ್ಪ ಮಾಮಾ ಆದರು, ಸೋದರಮಾವ ಅಪ್ಪ ಆದರು, ಅತ್ತೆಯಾಗಬೇಕಾದ ನಾನು ಅವ್ವ ಆದೆ. ನಮ್ಮ ಮನೆಯಲ್ಲಿ ಸಂಬಂಧಗಳೆಲ್ಲ ಅದಲುಬದಲಾಗಿ ಕೂತವು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ನಾನು ಸುಖವಾಗಿದ್ದೆ.

ಸುಖ ಎಂದರೆ ತಪ್ಪಾಗುತ್ತದೆ. ಮಗು ಇತ್ತು, ಜೊತೆಗೆ ಭಯವೂ ಇತ್ತು. ಬಾಗಿಲು ಬಡಿದರೆ ಎದೆ ಹಾರುತ್ತಿತ್ತು. ಮೇಡ್ಲೇರಿಯವರು ರಾಣೆಬೆನ್ನೂರಿನ ಕಡೆಯ ಹುಡುಗಿಯನ್ನು ಮದುವೆಯಾದ ಮೇಲೆ ನನ್ನ ಭಯಕ್ಕೆ ಮಲತಾಯಿ ಎಂಬ ಒಳ್ಳೆಯ ಕಾರಣವೂ ಸಿಕ್ಕಿತು. ಆ ಹೆಂಗಸನ್ನು ನಾನು ಮದುವೆಯ ದಿನ ಒಂದು ಸಲ ನೋಡಿದ್ದೆ, ಮಾತಾಡಿಸಿರಲಿಲ್ಲ. ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಬೈಬಲ್ ಕಥೆ ಹೇಳುವವಳೂ ನಾನೇ. ಇಬ್ಬರು ಹೆಂಗಸರು ಒಂದು ಮಗುವಿಗಾಗಿ ಅರಸನ ಮುಂದೆ ನಿಂತ ಕಥೆ ಬಂದಾಗ ಪುಟ ಹಾರಿಸಿ ಮುಂದೆ ಹೋದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳ ಪಾಡು.

ಪ್ರತಿ ತಿಂಗಳು ನನ್ನ ಚೀಟಿಯಲ್ಲಿ ಒಂದೇ ಮಾತು ಇರುತ್ತಿತ್ತು: ಮಗು ನಮ್ಮ ಹತ್ತಿರವೇ ಇರಲಿ, ಯಾರೂ ಕೇಳಲು ಬರದಿರಲಿ. ನನ್ನ ಗುರುತು ಹತ್ತಬಾರದೆಂದು ಎಡಗೈಯಲ್ಲಿ ಬರೆಯುತ್ತಿದ್ದೆ. ಸಭೆಯಲ್ಲಿ ಇನ್ನೊಬ್ಬರ ಮಗುವನ್ನು ಇಟ್ಟುಕೊಂಡವರು ನಾವೊಬ್ಬರೇ ಎಂಬುದು ಈ ಜಾಣೆಗೆ ಹೊಳೆದಿರಲಿಲ್ಲ. ಚೀಟಿ ಡಬ್ಬಿಗೆ ಹಾಕಿ ಬಂದರೂ ಭಯವನ್ನು ಜೊತೆಗೇ ಮನೆಗೆ ಕರೆತರುತ್ತಿದ್ದೆ. ದೇವರ ಮೇಲೆ ಭಾರ ಹಾಕಿದ್ದೇನೆ ಎಂದು ಬಾಯಲ್ಲಿ ಹೇಳುವುದು, ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುವುದು.

ಒಂದು ಫೆಬ್ರವರಿಯಲ್ಲಿ ಮೇಡ್ಲೇರಿಯವರು ಊಟವಾದ ಮೇಲೆ ಗೋಡೆಗೆ ಒರಗಿ ಕೂತು, ಬಹಳ ತಡೆದು ತಡೆದು ಮಾತು ತೆಗೆದರು.

"ಅಕ್ಕಾರ, ಕೂಸಿಗೆ ಈ ಜೂನಿಗೆ ಆರು ತುಂಬತಾವ. ಸಾಲೀಗೆ ಹಚ್ಚೋ ವಿಚಾರ ಮಾಡಬೇಕಲ್ರಿ."

"ವಿಚಾರ ಏನ ಮಾಡೂದೈತ್ರಿ? ಮನ್ಯಾಗ ಸಾಲೀ ಅಕ್ಕಾರ ಇದ್ದಾಗ?" ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ ಒಳಗೆ ಮಲಗಿದ್ದ ಮಗು ಎದ್ದು ಕೂತಿತು.

"ಆತು ಬಿಡ್ರಿ," ಎಂದು ಅವರು ಚಹಾ ಕುಡಿದು ಬಸ್ಸಿಗೆ ಹೋದರು. ಅವರು ಜಗಳ ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಜಗಳದಲ್ಲಿ ನಾನು ಸೋತದ್ದು ಕಡಿಮೆ.

ಮಾರ್ಚ್ ತಿಂಗಳ ಮೊದಲ ಭಾನುವಾರ ಎಂದಿನಂತೆ ಡಬ್ಬಿಗೆ ಕೈ ಹಾಕಿ ಒಂದು ಚೀಟಿ ತೆಗೆದುಕೊಂಡೆ. ಮನೆಗೆ ಹೋಗುವ ತನಕ ಕಾಯುವ ತಾಳ್ಮೆ ನನ್ನದಲ್ಲ, ದೇವಾಲಯದ ಹೊರಗಿನ ಬೇವಿನ ಮರದ ಕೆಳಗೇ ಬಿಚ್ಚಿದೆ. ಅಕ್ಷರ ಕಂಡೊಡನೆ ಯಾರದೆಂದು ಗೊತ್ತಾಯಿತು. ಮಗು ಹೇಗಿದ್ದಾಳೆ ಎಂದು ಕೇಳಿ ಅವರು ಬರೆಯುತ್ತಿದ್ದ ಕಾರ್ಡುಗಳು ನಮ್ಮ ಮನೆಯಲ್ಲಿ ಒಂದು ಕಟ್ಟು ಇದ್ದವು. ಬಲಕ್ಕೆ ಹೋಗುತ್ತಾ ಹೋಗುತ್ತಾ ಸಾಲು ಕೆಳಗೆ ಜಾರುವುದು ಅವರ ಬರವಣಿಗೆಯ ರೀತಿ. ಚೀಟಿಯಲ್ಲಿ ಇಷ್ಟೇ ಇತ್ತು:

ನನ್ನ ಮಗಳು ನನಗೆ ಒಂದು ಸಲ ಅಪ್ಪಾ ಅನ್ನಲಿ. ಬೇರೆ ಏನೂ ಬೇಡ.

ನಾನು ಅಲ್ಲೇ ನಿಂತೆ. ಮಗಳನ್ನು ಕೊಡಿಸು ಎಂದು ಬರೆದಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದಿದ್ದರೆ ನಾನು ಗಟ್ಟಿಯಾಗಿರುತ್ತಿದ್ದೆ. ಇದಕ್ಕೆ ಏನು ಮಾಡುವುದು? ನಾಲ್ಕು ಹೆಜ್ಜೆ ಆಚೆ ಅವರು ಮಗಳಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು. ಮಗಳು ಮಾಮಾ ಮಾಮಾ ಎಂದು ಇನ್ನೊಂದು ಕೇಳುತ್ತಿದ್ದಳು.

ನಾನು ಸೀದಾ ಆಯಿಯ ಹತ್ತಿರ ಹೋದೆ. "ಆಯಿ, ಈ ಚೀಟಿ ನನಗ ಬ್ಯಾಡ. ಬ್ಯಾರೆದ್ದು ಕೊಡ್ರಿ."

"ಯಾಕ, ಅದರಾಗ ಚೇಳು ಕುಂತೈತೇನ?"

"ಹಂಗ ತಿಳೀರಿ."

ಆಯಿ ಡಬ್ಬಿಯ ಮುಚ್ಚಳ ಒತ್ತಿದರು. "ಕೈಗೆ ಬಂದದ್ದು ಬಂತು. ಬದಲಿ ಮಾಡಾಕ ಇದೇನ ಬಳಿ ಅಂಗಡಿ ಅಲ್ಲ. ನಡಿ ಮನೀಗೆ."

ಮೊದಲ ವಾರ ನಾನು ಪ್ರಾರ್ಥನೆ ಮಾಡಲಿಲ್ಲ. ಚೀಟಿಯನ್ನು ಅಡುಗೆಮನೆಯ ನೆಲುವಿನಲ್ಲಿ, ಉಪ್ಪಿನಕಾಯಿ ಜಾಡಿಯ ಕೆಳಗೆ ಇಟ್ಟೆ. ಸಂಜೆ ನಮ್ಮ ಮನೆಯವರು ಪ್ರಾರ್ಥನೆಗೆ ಕೂತರೆ ನಾನು ಕಣ್ಣು ಮುಚ್ಚಿ ನಾಳೆಯ ಪಲ್ಯದ ಲೆಕ್ಕ ಹಾಕುತ್ತಿದ್ದೆ. ಎರಡನೆಯ ವಾರ ಮನಸ್ಸು ಚುಚ್ಚಿ, "ಚೀಟಿ ಬರೆದವರಿಗೆ ಒಳ್ಳೆಯದು ಮಾಡಪ್ಪಾ," ಎಂದು ಒಟ್ಟಾರೆ ಹೇಳಿ ಮುಗಿಸಿದೆ. ಹೋಂವರ್ಕ್ ಮಾಡದ ಹುಡುಗರು ನನ್ನ ಮುಂದೆ ಹೀಗೇ ಗುಣುಗುಣು ಮಾಡುತ್ತಾರೆ, ನಾನು ಅವರನ್ನು ಬಿಡುವುದಿಲ್ಲ. ದೇವರು ನನ್ನನ್ನು ಬಿಟ್ಟಾನೆಯೇ?

ಮೂರನೆಯ ವಾರ ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳು, ಆಗಿದ್ದಾಗಲಿ ಎಂದು ಜಾಡಿ ಎತ್ತಿ ಚೀಟಿ ತೆಗೆದುಕೊಂಡು, ಬಾಗಿಲು ಹಾಕಿ ಮೊಣಕಾಲೂರಿದೆ. ಅಲ್ಲಿ ಬರೆದದ್ದನ್ನು ಇದ್ದ ಹಾಗೇ ಬಾಯಿಬಿಟ್ಟು ಓದಿದೆ. ಓದಿದ ಮೇಲೆ ಮುಂದಿನ ಮಾತು ಹೊರಡಲಿಲ್ಲ. ದೇವರೇ, ಇವರ ಆಸೆಯನ್ನು ನೆರವೇರಿಸು ಎನ್ನಬೇಕು. ಯಾರ ಕೈಯಿಂದ ನೆರವೇರಿಸಬೇಕು? ಆ ಶಬ್ದವನ್ನು ಮಗುವಿನ ಬಾಯಿಂದ ಕಿತ್ತವಳು ನಾನು. ಇಲ್ಲಿ ದೇವರು ಆಕಾಶದಿಂದ ಇಳಿದು ಬಂದು ಮಾಡುವಂಥದ್ದು ಏನೂ ಇರಲಿಲ್ಲ, ಅಡ್ಡ ನಿಂತವಳು ಸರಿದರೆ ಸಾಕಿತ್ತು. ಇದು ಹೊಳೆದಾಗ ನನಗೆ ಬಹಳ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು. ಆ ಶಬ್ದ ಕೊಟ್ಟರೆ ಮಗುವೂ ಅದರ ಹಿಂದೆಯೇ ಹೋಗುತ್ತದೆ ಎಂದು ಗೊತ್ತಿತ್ತು. "ನನ್ನಿಂದ ಆಗೂದಿಲ್ಲ. ನೀ ಮಾಡಸು," ಎಂದೆ. ನನ್ನ ಆಯುಷ್ಯದಲ್ಲಿ ನಾನು ಮಾಡಿದ ಪ್ರಾರ್ಥನೆಗಳಲ್ಲಿ ಅದು ಅತಿ ಚಿಕ್ಕದು, ಬಹುಶಃ ಅದೊಂದೇ ಖರೇ.

ಸಂಜೆ ಡ್ಯೂಟಿ ಮುಗಿಸಿ ಬಂದ ನಮ್ಮ ಮನೆಯವರಿಗೆ ನಿಯಮ ಮುರಿದು ಚೀಟಿ ತೋರಿಸಿದೆ. ಅವರು ಓದಿ, ಮಡಚಿ, ನನ್ನ ಕೈಗೇ ಕೊಟ್ಟರು.

"ಕೂಸು ನನಗ ಅಪ್ಪಾ ಅಂದಾಗೊಮ್ಮೆ ನಾ ಅವರ ಮುಖ ನೋಡೂದಿಲ್ಲ," ಎಂದರು. "ನಾಕು ವರ್ಷ ಆತು, ನೋಡಿಲ್ಲ."

"ಮತ್ತ ನೀವು ಯಾಕ ಹೇಳಲಿಲ್ರಿ?"

"ನೀ ಕೇಳಿದ್ದೇನು?"

ಹೌದು, ನಾನು ಕೇಳಿರಲಿಲ್ಲ.

ಮಗುವಿಗೆ ಹೇಳುವ ಕೆಲಸ ನನ್ನ ಪಾಲಿಗೇ ಬಂತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು, ಅವಳ ತಲೆಗೆ ಎಣ್ಣೆ ಹಚ್ಚುತ್ತಾ, ಮುಖ ಕಾಣದಂತೆ ಹಿಂದೆ ಕೂತು ಹೇಳಿದೆ. ನಿನ್ನನ್ನು ಹೆತ್ತ ಅವ್ವ ದೇವರ ಹತ್ತಿರ ಹೋಗಿದ್ದಾಳೆ, ಬಾಳೆಹಣ್ಣು ತರುವ ಮಾಮಾ ಮಾಮಾ ಅಲ್ಲ, ನಿನ್ನ ಅಪ್ಪ ಎಂದೆ.

ಅವಳು ಕೈಯಲ್ಲಿದ್ದ ರಿಬ್ಬನ್ನನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಕೇಳಿದಳು, "ಹಂಗಾರ ಮನ್ಯಾಗಿನ ಅಪ್ಪ ಯಾರು?"

"ಅವರು ಮಾಮಾ. ನಿಮ್ಮವ್ವನ ಅಣ್ಣ."

"ಹಂಗಾರ ನೀ?"

ನನ್ನ ಕೈ ಅವಳ ತಲೆಯ ಮೇಲೆಯೇ ನಿಂತಿತು. "ನಾ ಅತ್ತಿ," ಎಂದೆ.

ಅವಳು ತಿರುಗಿ ನನ್ನನ್ನು ನೋಡಿದಳು. ಜಡೆ ಹಾಕಿಸಿಕೊಂಡು ಆಡಲು ಓಡಿದಳು, ಹೊರಗಿನಿಂದ "ಅವ್ವಾ, ನನ್ನ ಚೆಂಡೆಲ್ಲಿ?" ಎಂದು ಎಂದಿನಂತೆ ಕೂಗಿದಳು. ನಾನು ಅಡುಗೆಮನೆಗೆ ಹೋಗಿ ಮನಸ್ಸು ಹಗುರಾಗುವಷ್ಟು ಅತ್ತೆ. ಪಕ್ಕದ ಮನೆಯ ಬೀಬಿ ಕಿಟಕಿಯಿಂದ ನೋಡಿ, "ಇವತ್ತು ಘಾಟು ಭಾಳ ಐತಿ ನೋಡ್ರಿ ಅಕ್ಕಾರ," ಎಂದರು.

ಏಪ್ರಿಲ್‌ನ ಮೊದಲ ಭಾನುವಾರ ನಾನು ಮೇಡ್ಲೇರಿಯವರಿಗಾಗಿ ಕಾದೆ. ಅವರು ಬರಲೆಂದು ನಾನು ಕಾದದ್ದು ಅದೇ ಮೊದಲು. ಮಗಳಿಗೆ ಹಿಂದಿನ ದಿನವೇ ಪಾಠ ಮಾಡಿದ್ದೆ: ಬಂದೊಡನೆ ಅಪ್ಪಾ ಅನ್ನಬೇಕು. ತಪಾಸಣೆಗೆ ಸಾಹೇಬರು ಬರುವ ದಿನ ಮಕ್ಕಳನ್ನು ತಯಾರು ಮಾಡುವ ಹಾಗೆ. ಅವರು ಬಂದರು, ನಾನು ಅವಳನ್ನು ಮುಂದೆ ನೂಕಿದೆ. ಅವಳು ನನ್ನ ಸೀರೆಯ ಹಿಂದೆ ಸೇರಿ, ಅಪ್ಪಾ ಎನ್ನಲಿಲ್ಲ, ಮಾಮಾ ಎಂದೂ ಅನ್ನಲಿಲ್ಲ. ಇದ್ದದ್ದೂ ಹೋಯಿತು. ಅವರು ಎಂದಿನಂತೆ ಉಂಡು ಹೋದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಆಯಿಯ ಮನೆಗೆ ಹೋಗಿ, ಚೀಟಿಯ ವಿಷಯವನ್ನೆಲ್ಲ ಬಿಚ್ಚಿಟ್ಟು, "ನಾ ನನ್ನ ಪಾಲಿಂದು ಮಾಡೇನಿ, ದೇವರು ತನ್ನ ಪಾಲಿಂದು ಮಾಡಲಿಲ್ಲ," ಎಂದೆ.

ಆಯಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಬಿತ್ತಿದ ಮರುದಿನಾನ ಮಣ್ಣು ಕೆದರಿ ನೋಡಾಕತ್ತೀಯಲ್ಲ, ನಿನಗೇನ ಹೇಳ್ಲಿ? ಹಿಡಿಯೂದೂ ನೀನ, ಬಿಡೂದೂ ನೀನ, ಬೆಳಸೂದೂ ನೀನ. ದೇವರಿಗೆ ಏನರ ಕೆಲಸ ಇಡಬೇ."

ಬೈಸಿಕೊಂಡು ಬಂದೆ. ಚೀಟಿಯನ್ನು ಒಲೆಗೆ ಹಾಕಿದೆ. ಆ ತಿಂಗಳು ಡಬ್ಬಿಯಿಂದ ನನಗೆ ಬೇರೆ ಯಾರದೋ ಮೊಣಕಾಲು ನೋವು ಬಂದಿತ್ತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ಮೊಣಕಾಲಿಗಾಗಿ ದಿನಕ್ಕೆ ಎರಡು ಹೊತ್ತು ಪ್ರಾರ್ಥನೆ ಮಾಡಿದೆ. ಮಗಳಿಗೆ ಪಾಠ ಮಾಡುವುದನ್ನು ನಿಲ್ಲಿಸಿದೆ. ಮನೆಯಲ್ಲಿ ಎಲ್ಲ ಮೊದಲಿನ ಹಾಗೇ ಇತ್ತು, ನಾನು ಮಾತ್ರ ಬಾಗಿಲು ಬಡಿದಾಗ ಮೊದಲಿನಷ್ಟು ಬೆಚ್ಚುತ್ತಿರಲಿಲ್ಲ.

ಮೇ ರಜೆಯಲ್ಲಿ, ಯಾರೂ ಕರೆಯದೆ, ನಾನೇ ಮಗಳನ್ನು ಕರೆದುಕೊಂಡು ಮೇಡ್ಲೇರಿಗೆ ಹೊರಟೆ. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ವಾಪಸ್ಸು ಹೋಗಿಬಿಡೋಣ ಎಂದು ಎರಡು ಸಲ ಅನಿಸಿತು. ಮಗಳಿಗೆ ಕಬ್ಬಿನ ಹಾಲು ಕುಡಿಸಿ, ನಾನೂ ಕುಡಿದು, ಬಂದ ಬಸ್ಸು ಹತ್ತಿದೆ.

ಮಲತಾಯಿಯನ್ನು ನೋಡಲು ನಾನು ತಯಾರಾಗಿ ಹೋಗಿದ್ದೆ. ನನಗೆ ಸಿಕ್ಕಿದ್ದು ಇಪ್ಪತ್ತೈದರ ಒಳಗಿನ ಒಬ್ಬ ಹುಡುಗಿ, ಆರು ತಿಂಗಳ ಬಸುರಿ, ನನಗಿಂತ ಹೆಚ್ಚು ಹೆದರಿದವಳು. ನನ್ನ ಮುಂದೆ ತಟ್ಟೆ ಇಟ್ಟು ಒಳಗೆ ಓಡಿದಳು. ತೀರಿಕೊಂಡ ನನ್ನ ನಾದಿನಿಯ ಫೋಟೊ ನಡುಮನೆಯಲ್ಲೇ ಇತ್ತು, ಗಾಜಿನ ಮೇಲೆ ಧೂಳಿರಲಿಲ್ಲ. ಅವಳು ಮಗುವನ್ನು ಅದರ ಮುಂದೆ ಕರೆದುಕೊಂಡು ಹೋಗಿ, "ಇವರು ನಿಮ್ಮವ್ವ. ನಿನ್ನ ಮೂಗು ಇವರದ," ಎಂದಳು. ಮಗಳು ತನ್ನ ಮೂಗು ಮುಟ್ಟಿ ನೋಡಿಕೊಂಡಳು. ಐದು ವರ್ಷದಲ್ಲಿ ನಾನು ಅವಳಿಗೆ ಆ ಮೂಗಿನ ಮಾತು ಹೇಳಿರಲಿಲ್ಲ.

ಸಂಜೆ ಕಟ್ಟೆಯ ಮೇಲೆ ಕೂತಾಗ ಮೇಡ್ಲೇರಿಯವರಿಗೆ ನಾನೇ ಹೇಳಿದೆ, ನಿಮ್ಮ ಚೀಟಿ ನನಗೆ ಬಂದಿತ್ತು ಎಂದು. ಅವರಿಗೆ ಆಶ್ಚರ್ಯವಾಗಲಿಲ್ಲ.

"ನಿಮ್ಮದೂ ನನಗ ಬಂದಿತ್ರಿ ಅಕ್ಕಾರ. ಹ್ವಾದ ಮಳಿಗಾಲದಾಗ."

"ನಂದು ಅಂತ ಹ್ಯಾಂಗ ಗೊತ್ತಾತ್ರಿ?"

"ಮತ್ಯಾರು ಬರೀತಾರ್ರಿ ಅದನ್ನ?"

ಕೇಳಲು ನನಗೆ ಧೈರ್ಯವಿರಲಿಲ್ಲ, ಆದರೂ ಕೇಳಿದೆ. "ಏನ ಮಾಡಿದ್ರಿ?"

"ಪ್ರಾರ್ಥನಾ ಮಾಡಿದೆ. ಒಂದ ತಿಂಗಳ, ದಿನಾ. ಕೂಸು ನಿಮ್ಮ ಕಡೇನ ಇರಲಿ ಅಂತ. ಮನಸ್ಸು ಒಪ್ಪತಿರಲಿಲ್ಲ, ಆದ್ರ ಮಾಡಿದೆ." ಅವರು ಹೆಗಲ ಮೇಲಿನ ಟವೆಲ್ ಮಡಚುತ್ತಾ, "ಅದಕ್ಕ ನನ್ನ ಚೀಟ್ಯಾಗ ಆಕಿನ್ನ ಕೊಡ್ರಿ ಅಂತ ಬರಿಯಾಕ ಬರಲಿಲ್ಲ. ಒಂದ ಕೇಳಿ, ಅದರ ಉಲ್ಟಾ ಹ್ಯಾಂಗ ಕೇಳೂದ್ರಿ ದೇವರಿಗೆ?" ಎಂದರು.

ಅವರ ಒಂದು ಸಾಲಿಗೆ ನಾನು ಎರಡು ವಾರ ಮುಖ ತಿರುಗಿಸಿಕೊಂಡಿದ್ದೆ. ಅವರು ತಮ್ಮ ಹೊಟ್ಟೆಯ ಮಗಳನ್ನು ನನಗೆ ಕೊಡು ಎಂದು ಒಂದು ತಿಂಗಳು ದೇವರನ್ನು ಕೇಳಿದ್ದರು. ನಾನು ಓದಿದವಳು, ಭಾನುವಾರ ಶಾಲೆಯ ಅಕ್ಕಾರು. ಭಾರ ಬಿಡುವುದು ಹೇಗೆಂದು ಗೊತ್ತಿದ್ದದ್ದು ನೀರು ಹಾಯಿಸುವ ಆ ರೈತನಿಗೆ.

ಎಂಟು ದಿನ ಇದ್ದೆವು. ಮಗಳು ಎರಡು ದಿನ ನನ್ನ ಸೆರಗು ಬಿಡಲಿಲ್ಲ, ಮೂರನೆಯ ದಿನದಿಂದ ಕರುವಿನ ಹಿಂದೆ ಓಡಾಡತೊಡಗಿದಳು. ಆರನೆಯ ದಿನ ಬೆಳಿಗ್ಗೆ ಕಬ್ಬಿನ ಹೊಲಕ್ಕೆ ನೀರು ಬಿಟ್ಟಿದ್ದರು. ಹೊಳೆಯ ನೀರು ಮೋಟಾರಿನಿಂದ ಕಾಲುವೆಗೆ ಬಂದು ಹೊಲದ ತುದಿಯವರೆಗೆ ಹರಿಯುತ್ತಿತ್ತು. ನಾನು ಬದುವಿನ ಮೇಲೆ ನಿಂತಿದ್ದೆ, ಮಗಳು ನನ್ನಿಂದ ಎರಡು ಮಾರು ದೂರದಲ್ಲಿ ಕಪ್ಪೆ ಹುಡುಕುತ್ತಿದ್ದಳು. ಅವಳ ಅಪ್ಪ ಹೊಲದ ಆಚೆಯ ತುದಿಯಲ್ಲಿ ಸನಿಕೆ ಹಿಡಿದು ನೀರು ತಿರುವುತ್ತಿದ್ದರು. ಮಗಳು ಬದು ಬಿಟ್ಟು ಒಳಗೆ ಇಳಿದಳು, ಎರೆಮಣ್ಣಿನ ಕೆಸರಲ್ಲಿ ಎರಡೂ ಕಾಲು ಮೊಣಕಾಲಿನ ತನಕ ಹೂತವು. ಎತ್ತಲು ನೋಡಿದಷ್ಟೂ ಒಳಗೆ ಹೋದವು. ಅವಳು ಹೆದರಿ ನನ್ನ ಕಡೆ ನೋಡಿದಳು. ನಾನು ಸೀರೆ ಎತ್ತಿ ಕಟ್ಟಿದೆ.

ಆಗ ಅವಳು ನನ್ನಿಂದ ಮುಖ ತಿರುಗಿಸಿ, ಹೊಲದ ಆಚೆಯ ತುದಿಗೆ, "ಅಪ್ಪಾ! ಅಪ್ಪಾ, ಬಾ!" ಎಂದು ಕೂಗಿದಳು.

ಸನಿಕೆ ಬಿದ್ದ ಸದ್ದು ಕೇಳಿಸಿತು. ಅವರು ಕಬ್ಬಿನ ಸಾಲುಗಳನ್ನು ತುಳಿದುಕೊಂಡೇ ಓಡಿ ಬಂದರು. ನಾನು ಹತ್ತಿರವಿದ್ದೆ, ನಾಲ್ಕು ಹೆಜ್ಜೆ ಇಟ್ಟರೆ ಅವಳ ಕೈ ಸಿಗುತ್ತಿತ್ತು. ಇಡಲಿಲ್ಲ. ಅಲ್ಲೇ ಬದುವಿನ ಮೇಲೆ ನಿಂತುಕೊಂಡೆ. ಅದು ನನ್ನ ಒಳ್ಳೆಯತನ ಎಂದು ಯಾರೂ ತಿಳಿಯಬಾರದು, ನನ್ನ ಕಾಲುಗಳನ್ನು ಯಾರೋ ಹಿಡಿದು ನಿಲ್ಲಿಸಿದ ಹಾಗಿತ್ತು. ಅವರು ಅವಳನ್ನು ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಕಿತ್ತು, ಕೆಸರಿನ ಕಾಲುಗಳ ಸಮೇತ ಎದೆಗೆ ಅವಚಿಕೊಂಡು, ಬಹಳ ಹೊತ್ತು ನನ್ನ ಕಡೆ ತಿರುಗಲಿಲ್ಲ. ಅವರ ಬೆನ್ನು ಅಲುಗುತ್ತಿತ್ತು. ನಾನು ಹೊಳೆಯ ಕಡೆ ನೋಡುತ್ತಾ ನಿಂತೆ.

ಅದೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ, "ಜೂನಿಗೆ ಆಕಿನ್ನ ಇಲ್ಲೇ ಸಾಲೀಗೆ ಹಚ್ರಿ," ಎಂದೆ. ಅವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ರಜಾ ಬಂದಾಗ ಮಾತ್ರ ನನ್ನ ಕಡೆ ಕಳಸಬೇಕು, ಇಲ್ಲಾಂದ್ರ ನಾ ಸುಮ್ಮನಿರಾಂಗಿಲ್ಲ," ಎಂದು ಸೇರಿಸಿದೆ. ಬಸುರಿ ಹುಡುಗಿ ಒಳಗಿನಿಂದ ಬಂದು ನನ್ನ ತಟ್ಟೆಗೆ ಕೇಳದೆಯೇ ತುಪ್ಪ ಬಡಿಸಿದಳು. ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ, ಇಲ್ಲಿರುತ್ತೀಯಾ ಎಂದು. ಕರು ಇಲ್ಲೇ ಇರುತ್ತದೆಯೇ ಎಂದು ಅವಳು ವಿಚಾರಿಸಿದಳು. ಇರುತ್ತದೆ ಎಂದ ಮೇಲೆ ಒಪ್ಪಿದಳು.

ಹೊರಡುವ ದಿನ ಎಲ್ಲರೂ ಬಸ್ಸಿನ ತನಕ ಬಂದರು. ಮಗಳು ಅಪ್ಪನ ಹೆಗಲ ಮೇಲಿದ್ದಳು. ನಾನು ಅವಳ ಫ್ರಾಕಿನ ಗುಂಡಿ ಸರಿಪಡಿಸಿದೆ, ಕೂದಲು ಸರಿಪಡಿಸಿದೆ, ಮತ್ತೆ ಗುಂಡಿ ಸರಿಪಡಿಸಿದೆ. ಡ್ರೈವರ್ ಹಾರ್ನ್ ಹೊಡೆದ. ಆಗ ಅವಳು ಮೇಲಿನಿಂದ ಬಗ್ಗಿ, ದೊಡ್ಡವರ ಹಾಗೆ ನನ್ನ ಗಲ್ಲ ಹಿಡಿದು, "ಅತ್ತೀ, ಲಗೂ ಹತ್ತು. ಬಸ್ಸು ಹೋಗತೈತಿ," ಎಂದಳು.

ನಾನು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ತಿರುಗುವ ತನಕ ಅವಳು ಕೈ ಬೀಸುತ್ತಿದ್ದಳು, ಆಮೇಲೆ ಕಬ್ಬು ಅಡ್ಡ ಬಂತು. ಒಂದು ಶಬ್ದಕ್ಕಾಗಿ ನಾನು ದೇವರನ್ನು ಕೇಳಿದ್ದೆ, ಅವನು ಎರಡೂ ಶಬ್ದಗಳನ್ನು ಅವುಗಳ ಜಾಗಕ್ಕೆ ಸೇರಿಸಿದ್ದ. ನಾನು ರಾಣೆಬೆನ್ನೂರಿನ ತನಕ ಅಳುತ್ತಲೇ ಬಂದೆ. ಐದೂವರೆ ವರ್ಷ ಹಗಲಿರುಳು ನಾನು ಹೆದರಿದ್ದು ಇದೊಂದಕ್ಕೇ, ಅದು ಆಗಿಹೋಗಿತ್ತು. ಅಳುವಿನ ನಡುವೆ ನನ್ನ ಎದೆಯಲ್ಲಿ ಆ ಹೆದರಿಕೆಯನ್ನು ಹುಡುಕಿ ನೋಡಿದೆ. ಎಲ್ಲಿಯೂ ಇರಲಿಲ್ಲ.